ಕಟ್ಟಡವೇ ಗುರುವಾದ ಆಟಗಳು

ತೊಂಬತ್ತರ ದಶಕದಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋದವರ ಮುಂದೆ ‘ಪ್ರಿನ್ಸ್’ ಅಂದರೆ ಸಾಕು, ಯಾವ ಆಟ ಎಂದು ಬಿಡಿಸಿ ಹೇಳಬೇಕಿಲ್ಲ. ಕಲಬುರಗಿಯ ಜಗತ್ ಸರ್ಕಲ್ ಸುತ್ತಮುತ್ತ ಓಡಾಡಿಕೊಂಡು ಬೆಳೆದ ನಮ್ಮ ಪೀಳಿಗೆ ಡಾಸ್ ಪರದೆಯ ಮೇಲೆ ಆ ಹೆಸರು ಟೈಪ್ ಮಾಡಿ, ಮೇಷ್ಟ್ರು ಬರುವಷ್ಟರಲ್ಲಿ ಒಂದಾದರೂ ಲೆವೆಲ್ ದಾಟಬೇಕೆಂದು ಒದ್ದಾಡಿದೆ. ಆದರೆ ಹಳೆಯ ನೆನಪಿಗಾಗಿ ಒಂದು ಆಟವನ್ನು ಹೊಗಳಿದರೆ ಅದು ವಿಮರ್ಶೆಯಾಗುವುದಿಲ್ಲ. 1989ರ ‘ಪ್ರಿನ್ಸ್ ಆಫ್ ಪರ್ಷಿಯಾ’ ಇವತ್ತು ಮೊದಲ ಸಲ ಆಡುವವರ ಕೈಯಲ್ಲೂ ಗಟ್ಟಿಯಾಗಿ ನಿಲ್ಲುತ್ತದೆ. ಅದರ ಹಿಂದೆಯೇ ಬಂದ ಎಷ್ಟೋ ದುಬಾರಿ ಆಟಗಳು ಹತ್ತು ವರ್ಷಕ್ಕೇ ಸವೆದುಹೋಗಿವೆ. ಯಾಕೆ?

ಜೋರ್ಡಾನ್ ಮೆಕ್ನರ್ ಈ ಆಟವನ್ನು ಆಪಲ್ ಟೂ ಎಂಬ ಪುಟ್ಟ ಯಂತ್ರಕ್ಕಾಗಿ ಹೆಚ್ಚುಕಡಿಮೆ ಒಬ್ಬರೇ ಕಟ್ಟಿದರು. ತಮ್ಮ ಡೇವಿಡ್‌ಗೆ ಬಿಳಿ ಬಟ್ಟೆ ತೊಡಿಸಿ, ಓಡಿಸಿ, ಹಾರಿಸಿ, ವಿಡಿಯೊ ತೆಗೆದು, ಒಂದೊಂದು ಚೌಕಟ್ಟನ್ನೂ ತಿದ್ದಿ ರಾಜಕುಮಾರನ ಚಲನೆ ಮಾಡಿಕೊಂಡರು. ಅದರಿಂದ ಪರದೆಯ ಮೇಲಿನ ಆ ಪುಟ್ಟ ದೇಹಕ್ಕೆ ಭಾರ ಬಂತು. ಓಟ ಶುರುವಾಗಲು ಒಂದೆರಡು ಹೆಜ್ಜೆ ಬೇಕು, ನಿಲ್ಲಲು ಜಾರಬೇಕು. ಎರಡು ಅಂತಸ್ತು ಬಿದ್ದರೆ ಪೆಟ್ಟು, ಮೂರು ಬಿದ್ದರೆ ಸಾವು. ಮೈಗೆ ಹೀಗೊಂದು ಮಿತಿ ಇರುವುದರಿಂದಲೇ ಅದರ ಎದುರಿನ ಗೋಡೆ, ಕಂದಕ, ಬಾಗಿಲುಗಳಿಗೂ ಅರ್ಥ ಬರುತ್ತದೆ.

ಒಂದೊಂದು ಪರದೆ ಮೂರು ಅಂತಸ್ತು ಎತ್ತರ, ಹತ್ತು ಕಲ್ಲು ಅಗಲ. ಇದು ಲೆಕ್ಕದ ಜಗತ್ತು, ಮೋಸ ಇಲ್ಲ. ಶಿಫ್ಟ್ ಒತ್ತಿ ಹೆಜ್ಜೆ ಇಟ್ಟರೆ ಹುಡುಗ ಅಂಚಿನಲ್ಲಿ ತಡೆದು ನಿಲ್ಲುತ್ತಾನೆ. ಅಲ್ಲಿಂದ ಹಿಂದೆ ಸರಿದು ಎಷ್ಟು ಓಡಿ ಎಲ್ಲಿ ಹಾರಬೇಕೆಂದು ನೀವೇ ಅಳೆಯಬೇಕು. ಸಡಿಲ ಕಲ್ಲು ಯಾವುದು? ನಿಂತಲ್ಲೇ ಒಮ್ಮೆ ಮೇಲಕ್ಕೆ ಹಾರಿ. ಆ ಸಾಲಿನಲ್ಲಿ ಸಡಿಲವಾಗಿರುವ ಕಲ್ಲು ಅಲುಗಾಡಿ ತನ್ನನ್ನು ತಾನೇ ತೋರಿಸಿಕೊಡುತ್ತದೆ. ನೆಲದ ಮುಳ್ಳು ಓಡುವವನನ್ನು ಕೊಲ್ಲುತ್ತದೆ, ಮೆಲ್ಲಗೆ ನಡೆಯುವವನಿಗೆ ದಾರಿ ಬಿಡುತ್ತದೆ. ಇದನ್ನೆಲ್ಲ ಯಾರೂ ಬರೆದು ಹೇಳುವುದಿಲ್ಲ. ಕಟ್ಟಡವೇ ಕಲಿಸುತ್ತದೆ, ಕಲಿತಿದ್ದೇವೋ ಇಲ್ಲವೋ ಎಂದು ಮುಂದಿನ ಕೋಣೆಯಲ್ಲಿ ಅದೇ ಪರೀಕ್ಷೆ ಮಾಡುತ್ತದೆ.

ಬಡತನವನ್ನೂ ಈ ಆಟ ಕಲೆಯಾಗಿಸಿಕೊಂಡಿತು. ಹೊಸ ಶತ್ರುವಿನ ಚಿತ್ರಗಳಿಗೆ ಯಂತ್ರದ ನೆನಪಿನಲ್ಲಿ ಜಾಗ ಉಳಿದಿರಲಿಲ್ಲ. ಹಾಗಾಗಿ ರಾಜಕುಮಾರನ ಚಿತ್ರಗಳನ್ನೇ ಬದಲಿಸಿ ಅವನ ನೆರಳನ್ನು ಹುಟ್ಟಿಸಿದರು. ನಾಲ್ಕನೇ ಲೆವೆಲ್‌ನಲ್ಲಿ ಕನ್ನಡಿಯೊಂದು ದಾರಿಗೆ ಅಡ್ಡ ಬರುತ್ತದೆ. ಓಡಿಬಂದು ಅದರ ಮೂಲಕವೇ ಹಾರಿ ಹೋಗಬೇಕು. ನೀವು ಈ ಕಡೆ ಬಿದ್ದರೆ ನೆರಳು ಆ ಕಡೆ ಹೊರಟುಹೋಗುತ್ತದೆ. ಕಟ್ಟಕಡೆಗೆ ಅದೇ ನೆರಳು ಕತ್ತಿ ಹಿಡಿದು ಎದುರಾಗುತ್ತದೆ. ಹೊಡೆದರೆ ಇಳಿಯುವುದು ನಿಮ್ಮದೇ ಪ್ರಾಣ. ಕತ್ತಿಯನ್ನು ಒರೆಗೆ ಹಾಕಿ ಮುಂದೆ ನಡೆದರೆ ಇಬ್ಬರೂ ಒಂದಾಗುತ್ತಾರೆ. ಒಂದು ಮಾತೂ ಆಡದೆ ಆಟವೊಂದು ಇಷ್ಟು ಹೇಳಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ದೋಷಗಳಿಲ್ಲವೆಂದಲ್ಲ. ಕತ್ತಿವರಸೆ ಬೇಗ ಬೇಸರ ತರುತ್ತದೆ. ತಡೆ, ಹೊಡೆ, ಮತ್ತೆ ತಡೆ. ಆಟ ಮುಗಿಸಲು ಇರುವ ಅರವತ್ತು ನಿಮಿಷದ ಗಡುವು ನಿಧಾನವಾಗಿ ನೋಡುವವರಿಗೆ ಶಿಕ್ಷೆ ಎಂದು ದೂರುವವರೂ ಇದ್ದಾರೆ. ನಾನು ಗಡುವಿನ ಪರ. ಮೊದಲ ಸಲ ಸೋಲುತ್ತೀರಿ ನಿಜ, ಆದರೆ ಮತ್ತೆ ಆಡಲು ಕೂತಾಗ ಅರಮನೆಯ ಸಂದುಗೊಂದು ನಿಮಗೆ ಬಾಯಿಪಾಠವಾಗಿರುತ್ತದೆ.

ಕಲಬುರಗಿಯವರಿಗೆ ಆ ಅರಮನೆಯ ಕಮಾನುಗಳು ಪರಕೀಯ ಅನ್ನಿಸದಿರುವುದಕ್ಕೆ ಕಾರಣವಿದೆ. ನಮ್ಮ ಕೋಟೆಯೊಳಗಿನ ಜಾಮಿ ಮಸೀದಿ 1367ರದು. ಇರಾನಿನ ಖಜ್ವೀನ್ ಮೂಲದ ವಾಸ್ತುಶಿಲ್ಪಿ ರಫಿಯ ಹೆಸರು ಅದಕ್ಕೆ ಅಂಟಿಕೊಂಡಿದೆ. ನಡುವೆ ತೆರೆದ ಅಂಗಳವಿಲ್ಲ, ಪೂರ್ತಿ ಮಾಡು. ಭಾರತದಲ್ಲಿ ಇಂಥದು ಅಪರೂಪ. ಒಳಗೆ ನಿಂತು ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಕಮಾನುಗಳ ಇನ್ನೊಂದು ಸಾಲು ತೆರೆದುಕೊಳ್ಳುತ್ತದೆ. ಮೆಕ್ನರ್ ಕಟ್ಟಿದ ಪರ್ಷಿಯಾ ಅರೇಬಿಯನ್ ಕಥೆಗಳ ಕನಸು. ಆದರೂ ನಡೆಯುತ್ತ ನಡೆಯುತ್ತಲೇ ಕಟ್ಟಡ ಅರ್ಥವಾಗಬೇಕೆಂಬ ಶಿಸ್ತು ಎರಡರಲ್ಲೂ ಒಂದೇ.

1996ರ ‘ಟೂಂಬ್ ರೈಡರ್’ ಈ ಶಿಸ್ತನ್ನು ಮೂರು ಆಯಾಮಕ್ಕೆ ತಂದಿತು. ಅಂಚಿನಿಂದ ಒಮ್ಮೆ ಹಿಂದಕ್ಕೆ ನೆಗೆದರೆ ಓಡಿ ಹಾರಲು ಬೇಕಾದಷ್ಟೇ ಜಾಗ ಸಿಗುತ್ತದೆ; ನಾಯಕಿ ಲಾರಾಳ ಮೈಯೇ ಅಳತೆಗೋಲು. 2003ರ ‘ಸ್ಯಾಂಡ್ಸ್ ಆಫ್ ಟೈಮ್’ ಭಾರತದ ಮಹಾರಾಜನೊಬ್ಬನ ಅರಮನೆಯಲ್ಲಿ ಶುರುವಾಗುತ್ತದೆ. ಅಲ್ಲಿ ಕಾಲವನ್ನೇ ಹಿಂದಕ್ಕೆ ತಿರುಗಿಸಿ ತಪ್ಪನ್ನು ತಿದ್ದಿಕೊಳ್ಳಬಹುದು. ಪರಂಪರೆ ಸಡಿಲವಾದದ್ದು ಆಮೇಲೆ. 2007ರಲ್ಲಿ ಶುರುವಾದ ‘ಅನ್‌ಚಾರ್ಟೆಡ್’ ಸರಣಿಯಲ್ಲಿ ಹಿಡಿಯಬೇಕಾದ ಅಂಚು ಕಣ್ಣಿಗೆ ಹೊಡೆಯುವಂತಿರುತ್ತದೆ, ಗುಂಡಿ ಒತ್ತಿದರೆ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ. ನೋಡಲು ವೈಭವ, ಓದಲು ಏನೂ ಇಲ್ಲ.

ಅದೇ ಸರಣಿಯ ‘ದಿ ಲಾಸ್ಟ್ ಲೆಗಸಿ’ 2017ರಲ್ಲಿ ನೇರ ನಮ್ಮ ನಾಡಿಗೇ ಬಂತು. ಕ್ಲೋಯಿ ಮತ್ತು ನಡೀನ್ ಎಂಬ ಇಬ್ಬರು ಹೆಣ್ಣುಮಕ್ಕಳು ಪಶ್ಚಿಮ ಘಟ್ಟದಲ್ಲಿ ಹೊಯ್ಸಳರ ಕಾಲದ ಗಣೇಶನ ದಂತವನ್ನು ಹುಡುಕುತ್ತಾರೆ. ಜೀಪು ಕೊಟ್ಟು, ಕೈಗೊಂದು ನಕ್ಷೆ ಕೊಟ್ಟು, ಯಾವ ಅವಶೇಷಕ್ಕೆ ಮೊದಲು ಹೋಗುತ್ತೀರೋ ಹೋಗಿ ಎಂದು ಬಿಡುವ ಘಟ್ಟದ ಅಧ್ಯಾಯ ಇಡೀ ಸರಣಿಯಲ್ಲೇ ಶ್ರೇಷ್ಠ. ಹೊಯ್ಸಳರ ಹೆಸರು ಜಗತ್ತಿನ ಮೂಲೆಮೂಲೆಯ ಆಟಗಾರರ ಕಿವಿಗೆ ಬಿತ್ತು, ಸಂತೋಷ. ಆದರೆ ಅಲ್ಲಿರುವುದು ಹೊಯ್ಸಳ ಶಿಲ್ಪವಲ್ಲ. ಕಾಡು ನುಂಗಿದ ನಗರ, ಬೆಟ್ಟದಂಥ ವಿಗ್ರಹ, ಜಲಪಾತ ಎಲ್ಲ ಇವೆ. ಹೊಯ್ಸಳರು ಕೆಲಸ ಮಾಡಿದ್ದು ಮೃದುವಾದ ಬಳಪದ ಕಲ್ಲಿನಲ್ಲಿ, ಬೆರಳ ತುದಿಯ ಅಳತೆಯಲ್ಲಿ. 1117ರ ಬೇಲೂರು ದೇಗುಲ ಕಾಡಿನಲ್ಲಿ ಕಳೆದುಹೋಗಿರಲಿಲ್ಲ; ಅಲ್ಲಿ ಇವತ್ತಿಗೂ ಪೂಜೆ ನಡೆಯುತ್ತದೆ.

ಇದು ಬರೀ ಇತಿಹಾಸದ ತಕರಾರಲ್ಲ. ನಕ್ಷತ್ರಾಕಾರದ ಜಗತಿ, ಅದರ ಮೇಲೆ ಪ್ರದಕ್ಷಿಣೆ ಬರುವ ದಾರಿ, ಗೋಡೆಯ ತಳದಲ್ಲಿ ಆನೆಗಳ ಪಟ್ಟಿಕೆ, ಮೇಲೆ ಸಿಂಹ, ಬಳ್ಳಿ, ಕುದುರೆ, ಅದರ ಮೇಲೆ ಪುರಾಣದ ಕಥೆ: ಹಳೇಬೀಡಿನ ಗೋಡೆಯೇ ನಡೆದು ಓದಬೇಕಾದ ರಚನೆ. ಪ್ರತಿ ಮೂಲೆ ತಿರುಗಿದಾಗಲೂ ಕಥೆ ಮುಂದಕ್ಕೆ ಹೋಗುತ್ತದೆ. ಅನ್ವೇಷಣೆಯ ಆಟಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಎಲ್ಲಿ ಸಿಗುತ್ತದೆ? ಕೋಟಿಗಟ್ಟಲೆ ಸುರಿದವರು ಅದನ್ನು ಹಿನ್ನೆಲೆಯ ಪರದೆ ಮಾಡಿಕೊಂಡು ಕೈಬಿಟ್ಟರು. 1989ರ ಬಡ ಆಟ ಗೆಲ್ಲುವುದು ಇಲ್ಲಿಯೇ.

ಕಲಬುರಗಿ, ಕಮಲಾಪುರದ ಕಡೆಯಿಂದ ಕಂಪ್ಯೂಟರ್ ಓದಲು ಹೊರಟ ಹುಡುಗ ಹುಡುಗಿಯರಲ್ಲಿ ನನ್ನದೊಂದು ಕೇಳಿಕೆ. ಮೆಕ್ನರ್ ತಮ್ಮ ಆಟದ ಮೂಲ ಕೋಡನ್ನು 2012ರಲ್ಲೇ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಅದನ್ನು ಓದಿ. ನಮ್ಮ ಕೋಟೆಯ ಮಸೀದಿಯೊಳಗೆ ನಡೆದು ಕಮಾನುಗಳನ್ನು ಎಣಿಸಿ, ಹಳೇಬೀಡಿನ ಜಗತಿಯ ಮೇಲೆ ಒಂದು ಸುತ್ತು ಹಾಕಿ. ಆಮೇಲೆ ಒಂದೇ ಒಂದು ಲೆವೆಲ್ ಆದರೂ ಸರಿ, ನೀವೇ ಕಟ್ಟಿ.