ಮಡಕೆ ಯಾರಿಗೂ ಕಾಣಲಿಲ್ಲ, ಸ್ಟಾರ್ ಎಲ್ಲರಿಗೂ ಗೊತ್ತು

ಫ್ರಿಜ್ ಅಥವಾ ಎಸಿ ತಗೊಳ್ಳೋಕೆ ಅಂಗಡಿಗೆ ಹೋದವರು ರೇಟು ಕೇಳಿದ ಮೇಲೆ ಕೇಳೋ ಮೊದಲ ಪ್ರಶ್ನೆ, ‘ಎಷ್ಟು ಸ್ಟಾರ್?’ ಅದೇ ಜನರನ್ನ ‘ಇಕೋಮಾರ್ಕ್ ಇರೋ ಸೋಪು ಯಾವುದು ಹೇಳಿ’ ಅಂತ ಕೇಳಿ ನೋಡಿ. ಮುಖ ಮುಖ ನೋಡ್ಕೋತಾರೆ. ಎರಡೂ ಸರ್ಕಾರದ ಗುರುತುಗಳೇ. ವಸ್ತುವಿನ ಹೊರೆ ಎಷ್ಟು ಅನ್ನೋದನ್ನ ಕೊಳ್ಳುವವರಿಗೆ ತಿಳಿಸೋದೇ ಎರಡರ ಕೆಲಸ. ಒಂದು ಮನೆಮಾತಾಯ್ತು, ಇನ್ನೊಂದು ಕಡತದಲ್ಲೇ ಉಳೀತು.

ಹಳೆಯದು ಇಕೋಮಾರ್ಕೇ. 1991ರಲ್ಲಿ ಶುರುವಾಯ್ತು. ಅದರ ಚಿಹ್ನೆ ಒಂದು ಮಣ್ಣಿನ ಮಡಕೆ. ಮಣ್ಣಿಂದ ಬರುತ್ತೆ, ಕಡಿಮೆ ಇಂಧನದಲ್ಲಿ ಆಗುತ್ತೆ, ವಿಷ ಬಿಡಲ್ಲ ಅನ್ನೋ ಅರ್ಥದಲ್ಲಿ ಆರಿಸಿದ್ದು. ಸೋಪು, ಡಿಟರ್ಜೆಂಟ್, ಕಾಗದ, ಪೇಂಟ್, ಬ್ಯಾಟರಿ ಎಲ್ಲ ಆ ಪಟ್ಟಿಯಲ್ಲಿದ್ದವು. ಆದರೆ ಕಂಪನಿಗೆ ಬೇಕಿದ್ರೆ ಮಾತ್ರ ಅರ್ಜಿ ಹಾಕಬಹುದಿತ್ತು. ಅರ್ಜಿ ಹಾಕಿದ ಕಂಪನಿಗಳು ತೀರಾ ಕಡಿಮೆ. ಗುರುತು ಅಂಗಡಿಯಲ್ಲಿ ಕಾಣದಿದ್ರೆ ಗಿರಾಕಿ ಕೇಳಲ್ಲ, ಗಿರಾಕಿ ಕೇಳದಿದ್ರೆ ಕಂಪನಿ ತಲೆ ಕೆಡಿಸಿಕೊಳ್ಳಲ್ಲ. ಮೂವತ್ತು ವರ್ಷ ಹೀಗೇ ಕಳೀತು.

ನಮ್ಮೂರ ಸಂತೆಯಲ್ಲಿ ಮಡಕೆ ಕೊಳ್ಳೋ ಹೆಂಗಸರು ಬೆರಳ ಗೆಣ್ಣಿಂದ ತಟ್ಟಿ ನೋಡೋರು. ಠಣ್ ಅಂದ್ರೆ ಚೆನ್ನಾಗಿ ಬೆಂದಿದೆ, ದಬ್ ಅಂದ್ರೆ ಎಲ್ಲೋ ಬಿರುಕಿದೆ. ಒಡಕು ಮಡಕೆಯೂ ಸದ್ದು ಮಾಡಲೇಬೇಕು, ಬಾಯಿ ಮುಚ್ಚಿಕೊಂಡು ಕೂರೋ ಹಾಗಿಲ್ಲ. ಡಿಟರ್ಜೆಂಟ್ ಪ್ಯಾಕೆಟ್ಟನ್ನ ಎಷ್ಟು ತಟ್ಟಿದರೂ ಒಳಗಿರೋದು ಗೊತ್ತಾಗಲ್ಲ. ಲೇಬಲ್ ಬೇಕಾಗಿರೋದೇ ಅದಕ್ಕೆ. ಆದರೆ ಇಕೋಮಾರ್ಕ್ ಗಟ್ಟಿ ಮಡಕೆಗಳಿಗೆ ಮಾತ್ರ ಮಾತಾಡೋ ಅವಕಾಶ ಕೊಟ್ಟಿತು. ಗುರುತಿಲ್ಲದ ಪ್ಯಾಕೆಟ್ ಕೆಟ್ಟದ್ದೋ, ಅಥವಾ ಕಂಪನಿಯವರು ಅರ್ಜಿ ಹಾಕಿಲ್ಲವೋ? ಹೇಳೋರು ಯಾರೂ ಇಲ್ಲ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳಬೇಕಂದ್ರೆ, ಪಾಸ್ ಆದಾಗ ಮಾತ್ರ ಪ್ರಿಂಟ್ ಆಗಿ ಫೇಲ್ ಆದಾಗ ಸುಮ್ಮನಿರೋ ಟೆಸ್ಟ್ ಅದು. ಅಂಥ ಟೆಸ್ಟ್ ನಂಬಿ ಯಾರಾದ್ರೂ ರಿಲೀಸ್ ಮಾಡ್ತಾರಾ?

ಸ್ಟಾರ್ ಲೇಬಲ್ ಗೆದ್ದಿದ್ದು ಇಲ್ಲೇ. ಇಂಧನ ದಕ್ಷತಾ ಬ್ಯೂರೋ, ಅಂದ್ರೆ ಬಿಇಇ, 2006ರಲ್ಲಿ ಇದನ್ನ ಐಚ್ಛಿಕವಾಗಿ ಶುರು ಮಾಡಿತು. 2010ರಲ್ಲಿ ಎಸಿ, ಫ್ರಾಸ್ಟ್ ಫ್ರೀ ಫ್ರಿಜ್‌ನಂಥವಕ್ಕೆ ಕಡ್ಡಾಯವಾಯ್ತು. ಆಮೇಲೆ ಒಂದು ಸ್ಟಾರಿನ ಎಸಿಯೂ ತನ್ನ ಒಂದು ಸ್ಟಾರನ್ನ ಎದೆ ಮೇಲೆ ಅಂಟಿಸಿಕೊಂಡೇ ನಿಲ್ಲಬೇಕಾಯ್ತು. ಜೊತೆಗೆ ವರ್ಷಕ್ಕೆ ಎಷ್ಟು ಯೂನಿಟ್ ಅನ್ನೋ ಅಂಕಿ. ಅದನ್ನ ನಿಮ್ಮ ಬಿಲ್ಲಿನ ದರಕ್ಕೆ ಗುಣಿಸಿದ್ರೆ ರೂಪಾಯಿ ಲೆಕ್ಕ ಸಿಗುತ್ತೆ.

ಹಾಗಂತ ಸ್ಟಾರನ್ನ ಕಣ್ಮುಚ್ಚಿ ನಂಬೋ ಹಾಗೂ ಇಲ್ಲ. ಅದು ಹೇಳೋದು ದಕ್ಷತೆಯನ್ನ, ಒಟ್ಟು ಖರ್ಚನ್ನ ಅಲ್ಲ. ಐದು ಸ್ಟಾರಿನ ಎರಡು ಟನ್ ಎಸಿ, ಮೂರು ಸ್ಟಾರಿನ ಒಂದು ಟನ್ ಎಸಿಗಿಂತ ಹೆಚ್ಚು ಕರೆಂಟ್ ತಿನ್ನಬಹುದು. ಲೇಬಲ್ಲಿನ ಯೂನಿಟ್ ಲೆಕ್ಕ ವರ್ಷಕ್ಕೆ 1600 ಗಂಟೆ ಓಡಿಸ್ತೀರಿ ಅಂತ ಹಾಕಿದ್ದು. ಬೆಂಗಳೂರಲ್ಲಿ ಎರಡು ತಿಂಗಳು ಹಾಕೋರಿಗೆ ಒಂದು ಕಥೆ, ಕಲಬುರಗಿಯವರಿಗೆ ಇನ್ನೊಂದು. ಲೇಬಲ್ ಮೇಲಿನ ವರ್ಷವನ್ನೂ ನೋಡಬೇಕು. ಅಳತೆಗೋಲು ಬಿಗಿಯಾಗ್ತಾ ಹೋಗುತ್ತೆ. 2022ರ ಜುಲೈನಲ್ಲಿ ಎಸಿಗಳ ಅಳತೆ ಬದಲಾಗಿ, ಅಲ್ಲಿವರೆಗೆ ಐದು ಸ್ಟಾರ್ ಇದ್ದದ್ದು ನಾಲ್ಕಕ್ಕೆ ಇಳೀತು. ಇನ್ನು ಒಳಗಿರೋ ಅನಿಲ ಸೋರಿದ್ರೆ ವಾತಾವರಣಕ್ಕೆ ಎಷ್ಟು ಬಿಸಿ ಅನ್ನೋದು ಸ್ಟಾರಿನ ಲೆಕ್ಕಕ್ಕೇ ಬರಲ್ಲ.

ಇಷ್ಟಾದ್ರೂ ಸ್ಟಾರ್ ಕೆಲಸ ಮಾಡ್ತು. ಕಡ್ಡಾಯ ಅನ್ನೋದು ಒಂದು ಕಾರಣ, ನಮ್ಮ ಜೇಬು ಇನ್ನೊಂದು. ಕರೆಂಟ್ ಉಳಿದ್ರೆ ದುಡ್ಡು ನಮಗೇ ಉಳಿಯುತ್ತೆ. ಈಗ ಡಿಟರ್ಜೆಂಟಿಗೆ ಬನ್ನಿ. ಅದರಿಂದಾಗೋ ಹಾನಿ ನಮ್ಮ ಬಿಲ್ಲಿನಲ್ಲಿ ಕಾಣಲ್ಲ, ಮೋರಿಯಲ್ಲಿ ಹೋಗುತ್ತೆ. ಬೆಳ್ಳಂದೂರು, ವರ್ತೂರು ಕೆರೆಗಳಿಂದ ರಸ್ತೆಗೆ ಹಾರಿ ಬರ್ತಿದ್ದ ಬಿಳಿ ನೊರೆಯನ್ನ ಬೈಕ್ ನಿಲ್ಲಿಸಿ ವಿಡಿಯೋ ಮಾಡಿದವರು ನಮ್ಮಲ್ಲೇ ಎಷ್ಟೋ ಜನ. ಸಂಸ್ಕರಣೆಯಾಗದ ಕೊಳಚೆ ಮುಖ್ಯ ಕಾರಣ, ನಿಜ. ಅದರೊಳಗಿನ ನೊರೆ ಮಾತ್ರ ನಮ್ಮ ವಾಷಿಂಗ್ ಮಷಿನ್‌ಗಳಿಂದಲೂ ಹೋದದ್ದು. ಆ ನೀರು ದಕ್ಷಿಣ ಪಿನಾಕಿನಿ ಸೇರಿ ಹೊಸೂರಿನ ಕೆಲವರಪಳ್ಳಿ ಅಣೆಕಟ್ಟಿಗೆ ಹೋಗುತ್ತೆ. ಅಲ್ಲೂ ನೊರೆ ಎದ್ದಿದೆ. ಅಲ್ಲಿನ ರೈತ ನಮ್ಮ ಸೋಪಿನ ಪುಡಿಯ ಗಿರಾಕಿಯಲ್ಲ, ಆದ್ರೂ ಅದರ ಬೆಲೆಯಲ್ಲಿ ಒಂದು ಪಾಲು ಅವನೇ ಕಟ್ತಿದ್ದಾನೆ.

ಹಾನಿ ನಮಗೇ ತಟ್ಟೋ ಕಡೆ ಕಡ್ಡಾಯದ ಲೇಬಲ್ ಇದೆ. ಬೇರೆಯವರಿಗೆ ತಟ್ಟೋ ಕಡೆ ‘ಇಷ್ಟವಿದ್ರೆ ಹಾಕಿ’ ಅನ್ನೋ ಲೇಬಲ್ ಇದೆ. ಇರಬೇಕಾದ್ದು ಉಲ್ಟಾ. ಜೇಬಿನ ಸ್ವಾರ್ಥ ಕೈ ಕೊಡೋ ಜಾಗದಲ್ಲೇ ಕಾನೂನು ನಿಲ್ಲಬೇಕು.

2024ರಲ್ಲಿ ಎರಡು ಬದಲಾವಣೆ ಬಂದವು. ಇಕೋಮಾರ್ಕ್‌ಗೆ ಹೊಸ ನಿಯಮಗಳಾದವು. ‘ಗ್ರೀನ್’, ‘ಇಕೋ ಫ್ರೆಂಡ್ಲಿ’ ಅಂತ ಬಾಯಿಗೆ ಬಂದ ಹಾಗೆ ಬರ್ಕೊಳ್ಳೋದರ ವಿರುದ್ಧ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ತಂದಿತು. ಹೇಳಿದ ಮಾತಿಗೆ ಆಧಾರ ಕೊಡಬೇಕು ಅನ್ನೋದು ಒಳ್ಳೇದೇ. ಆದರೆ ಆ ಆಧಾರವನ್ನ ಕ್ಯೂಆರ್ ಕೋಡಿನ ಹಿಂದೆ ಇಡೋಕೂ ಅವಕಾಶ ಇದೆ. ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದರಲ್ಲಿ ಮಗು ಹಿಡ್ಕೊಂಡು ಬಿಲ್ಲಿಂಗ್ ಸಾಲಲ್ಲಿ ನಿಂತವರು ಪಿಡಿಎಫ್ ಓದ್ತಾರಾ? ಅದಕ್ಕಿಂತ ದೊಡ್ಡ ಕೊರತೆ ಅಂದ್ರೆ, ಸುಳ್ಳು ಹೇಳಿದವರನ್ನ ಈ ನಿಯಮ ಹಿಡಿಯಬಹುದು, ಏನೂ ಹೇಳದೆ ಸುಮ್ಮನಿರೋರನ್ನ ಅದು ಮುಟ್ಟಲ್ಲ. ಇಕೋಮಾರ್ಕ್ ಈಗಲೂ ಐಚ್ಛಿಕವೇ.

ಕೇಳಬೇಕಾದ್ದು ದೊಡ್ಡದೇನಲ್ಲ. ಪ್ರತಿ ಡಿಟರ್ಜೆಂಟ್ ಪ್ಯಾಕೆಟ್ಟಿನ ಮುಂಭಾಗದಲ್ಲಿ, ರೇಟಿನಷ್ಟೇ ದಪ್ಪ ಅಕ್ಷರದಲ್ಲಿ, ಫಾಸ್ಫೇಟ್ ಎಷ್ಟಿದೆ, ನೊರೆ ಬರಿಸೋ ರಾಸಾಯನಿಕ ನೀರಲ್ಲಿ ಬೇಗ ಕೊಳೆಯುತ್ತೋ ಇಲ್ಲವೋ ಅನ್ನೋದು ಕಡ್ಡಾಯವಾಗಿ ಇರಲಿ. ಕನ್ನಡದಲ್ಲೂ ಇರಲಿ. ಒಳ್ಳೆಯದಕ್ಕೂ ಇರಲಿ, ಕೆಟ್ಟದ್ದಕ್ಕೂ ಇರಲಿ. ಎಸಿ ಮಾರೋರು ಒಂದು ಸ್ಟಾರ್ ಅಂಟಿಸಿಕೊಂಡೇ ವ್ಯಾಪಾರ ಮಾಡ್ತಿದ್ದಾರೆ, ಸೋಪಿನ ಪುಡಿ ಮಾರೋರಿಗೂ ಅದು ಕಷ್ಟ ಆಗಲಾರದು.