ಸ್ಥಳೀಯ ದೂರದರ್ಶನ ವಾರ್ತೆ: ಒಂದು ಆಕರವಿಮರ್ಶೆ

ಇತಿಹಾಸದ ಆಕರವೆಂದರೆ ಶಾಸನ, ಕಡತ, ಕೈಫಿಯತ್ತುಗಳೆಂಬ ಭಾವನೆ ನಮ್ಮ ವಿದ್ಯಾರ್ಥಿಗಳಲ್ಲಿ ಇಂದಿಗೂ ಬಲವಾಗಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಪೂರ್ವಚರಿತ್ರೆಗೆ ಇವು ಸಾಕಾಗಬಹುದು. ಆದರೆ ಈ ಐದು ತಾಲ್ಲೂಕುಗಳ ನಮ್ಮ ಕಾಲದ ಜನಜೀವನವನ್ನು ಮುಂದೆ ಬರೆಯಹೊರಡುವವನಿಗೆ ಮತ್ತೊಂದು ಆಕರವೂ ಬೇಕಾಗುವುದು. ಅದು ಸ್ಥಳೀಯ ದೂರದರ್ಶನದ ವಾರ್ತೆ. ಅದು ಹೇಗೆ ಸಿದ್ಧವಾಗುತ್ತದೆ, ಆಕರವಾಗಿ ಎಷ್ಟು ನಂಬತಕ್ಕುದು ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಈ ಸೀಮೆಗೆ ಸ್ಥಳೀಯ ವಾರ್ತೆಯ ಅವಶ್ಯಕತೆ ಇತರ ಕಡೆಗಿಂತ ಹೆಚ್ಚು. 1953ರ ಅಕ್ಟೋಬರ್ 1ರಂದು ಇದು ಮದರಾಸು ರಾಜ್ಯದಿಂದ ಮೈಸೂರಿಗೆ ಬಂದಿತು. 1997ರಲ್ಲಿ ಹರಪನಹಳ್ಳಿ ತಾಲ್ಲೂಕು ಹೊಸದಾಗಿ ರಚಿತವಾದ ದಾವಣಗೆರೆ ಜಿಲ್ಲೆಗೆ ಸೇರಿ, ಅನಂತರ ಬಳ್ಳಾರಿಗೆ ಮರಳಿತು. ಕೊಟ್ಟೂರು ಕೂಡ್ಲಿಗಿಯಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾಯಿತು. 2021ರಲ್ಲಿ ಎಲ್ಲವೂ ವಿಜಯನಗರ ಜಿಲ್ಲೆಯೊಳಗಾದುವು. ಯಾವ ಜಿಲ್ಲೆಗೆ ಸೇರಿದರೂ ಈ ತಾಲ್ಲೂಕುಗಳು ಅದರ ಅಂಚಿನಲ್ಲಿಯೇ ಉಳಿದುವು. ಅಂಚಿನ ಸುದ್ದಿಗೆ ಕೇಂದ್ರದಲ್ಲಿ ದೊರೆಯುವ ಸ್ಥಾನ ಎಷ್ಟೆಂಬುದನ್ನು ವಾಚಕರು ಬಲ್ಲರು.

ದೂರದರ್ಶನವು ಈ ಪ್ರದೇಶದ ನೆರೆಗೆ ಬಹು ಮುಂಚೆಯೇ ಬಂದಿತ್ತು. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ನಡೆದ ಉಪಗ್ರಹ ಬೋಧನಾ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳು ಸೇರಿದ್ದುವು. ಕರ್ನಾಟಕದಿಂದ ಆಯ್ಕೆಯಾದುವು ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳು. ಎಂದರೆ ತುಂಗಭದ್ರೆಯ ಆಚೆಯ ದಡದವರೆಗೆ ದೂರದರ್ಶನ ಬಂದು, ಈಚೆಯ ದಡದ ಹಡಗಲಿ ಹೊರಗುಳಿಯಿತು. ಅದೇ ಕಾಲದಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಸಣ್ಣ ಪ್ರಸಾರಯಂತ್ರವೊಂದರ ಸಹಾಯದಿಂದ ಹಳ್ಳಿಯವರ ಸಮಸ್ಯೆಗಳನ್ನು ಹಳ್ಳಿಯವರೊಡನೆಯೇ ಚಿತ್ರಿಸಿ ತೋರಿಸುವ ಕಾರ್ಯ ನಡೆಯಿತು. ಈ ಮಾದರಿ ನಮ್ಮಲ್ಲಿ ಬೇರೂರಲಿಲ್ಲ. 1981ರಲ್ಲಿ ಬೆಂಗಳೂರು ಕೇಂದ್ರ, 1994ರಲ್ಲಿ ಉದಯ, 2006ರಲ್ಲಿ ಟಿವಿ9 ಕನ್ನಡ ಹೀಗೆ ಬಂದುದೆಲ್ಲ ರಾಜಧಾನಿಯ ದೃಷ್ಟಿಯಿಂದಲೇ ನಾಡನ್ನು ಕಂಡಿತು. ಈ ಕೊರತೆಯನ್ನು ತುಂಬುವ ಅವಕಾಶ ಕೇಬಲ್ ಜಾಲದ ಸ್ಥಳೀಯ ವಾಹಿನಿಗಳ ಪಾಲಿಗೆ ಬಂದಿತು.

ರಾಜಧಾನಿಯ ವಾರ್ತೆಯ ರೀತಿಗೆ ಎರಡು ನಿದರ್ಶನಗಳು ಸಾಕು. 2017ರ ಫೆಬ್ರವರಿಯಲ್ಲಿ ಕೊಟ್ಟೂರಿನ ಗುರು ಕೊಟ್ಟೂರೇಶ್ವರ ರಥೋತ್ಸವದಲ್ಲಿ ತೇರು ವಾಲಿ ಬಿದ್ದಿತು. ಆ ಕೆಲವು ಕ್ಷಣಗಳ ಚಿತ್ರವನ್ನು ವಾಹಿನಿಗಳು ಮತ್ತೆ ಮತ್ತೆ ತೋರಿಸಿದುವು. ತೇರಿನ ಮರ ಎಷ್ಟು ಹಳೆಯದು, ಅದನ್ನು ಪರೀಕ್ಷಿಸತಕ್ಕವರು ಯಾರು, ಗಾಯಗೊಂಡವರು ಗುಣವಾಗಿ ಮನೆಗೆ ಮರಳಿದರೆ ಎಂಬ ಪ್ರಶ್ನೆಗಳು ಆ ಚಿತ್ರದಲ್ಲಿಲ್ಲ; ಊರಿನವರಿಗೆ ಬೇಕಾದುವು ಆ ಪ್ರಶ್ನೆಗಳೇ. ಎರಡನೆಯದು ಹಡಗಲಿ ತಾಲ್ಲೂಕಿನ ಮೈಲಾರದ ಕಾರ್ಣಿಕ. ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಒಂದು ವಾಕ್ಯ ಕ್ಷಣಮಾತ್ರದಲ್ಲಿ ರಾಜ್ಯ ರಾಜಕಾರಣದ ಭವಿಷ್ಯವಾಗಿ ವ್ಯಾಖ್ಯಾನಗೊಳ್ಳುತ್ತದೆ. ಆ ಮಾತನ್ನು ಮಳೆಬೆಳೆಗೆ ಅನ್ವಯಿಸಿಕೊಳ್ಳುವ ರೈತನ ಅರ್ಥ, ಡಮರು ಹಿಡಿದ ಗೊರವರ ಪರಂಪರೆ, ಅಷ್ಟು ಜನಕ್ಕೆ ಕುಡಿಯುವ ನೀರಿನ ಏರ್ಪಾಡು, ಇವು ವಾರ್ತೆಯಾಗುವುದು ಅಪರೂಪ.

ಸ್ಥಳೀಯ ವಾರ್ತೆ ಈ ದೋಷದಿಂದ ಪಾರಾಗಬೇಕಿತ್ತು. ಹಾಗೆ ಆಗದಿರುವುದಕ್ಕೆ ಕಾರಣವನ್ನು ಅದು ಸಿದ್ಧವಾಗುವ ಕ್ರಮದಲ್ಲಿಯೇ ಹುಡುಕಬೇಕು. ಸಣ್ಣ ಪಟ್ಟಣದ ವಾಹಿನಿಯಲ್ಲಿ ವರದಿಗಾರ, ಛಾಯಾಗ್ರಾಹಕ, ಸಂಕಲನಕಾರ, ಜಾಹೀರಾತು ತರುವವ, ಎಲ್ಲರೂ ಬಹುಮಟ್ಟಿಗೆ ಒಬ್ಬನೇ. ಅವನ ದಿನದ ಸಂಚಾರವನ್ನು ಆಹ್ವಾನಪತ್ರಿಕೆಗಳೂ ಪತ್ರಿಕಾ ಹೇಳಿಕೆಗಳೂ ನಿರ್ಧರಿಸುತ್ತವೆ. ಉದ್ಘಾಟನೆ, ಸನ್ಮಾನ, ಶಂಕುಸ್ಥಾಪನೆಗಳು ನಿಶ್ಚಿತ ಹೊತ್ತಿಗೆ, ನಿಶ್ಚಿತ ಸ್ಥಳದಲ್ಲಿ ನಡೆಯುತ್ತವೆ. ಬೆಳಕೂ ಧ್ವನಿವರ್ಧಕವೂ ಸಿದ್ಧವಿರುತ್ತವೆ. ಬೆಳೆ ಒಣಗುವುದಕ್ಕೆ ಇಂತಹ ಮುಹೂರ್ತವಿಲ್ಲ. ಮೇಲಾಗಿ, ಸನ್ಮಾನಿತನಾದವನೇ ನಾಳೆ ಶುಭಾಶಯದ ಜಾಹೀರಾತು ಕೊಡತಕ್ಕವನು. ಹೀಗಾಗಿ ಹಗರಿಬೊಮ್ಮನಹಳ್ಳಿಯ ಮಾಲವಿ ಜಲಾಶಯಕ್ಕೆ ನೀರು ಬಂದರೆ ಬಾಗಿನ ಅರ್ಪಿಸಿದವರ ಹೆಸರುಗಳು ವಾರ್ತೆಯಲ್ಲಿ ಸಾಲಾಗಿ ಬರುತ್ತವೆ. ನೀರು ಎಷ್ಟು ಅಡಿ ಬಂದಿತು, ಕಾಲುವೆಯ ಕೊನೆಯ ಹೊಲಕ್ಕೆ ಮುಟ್ಟಿತೆ ಎಂಬುದು ಬಾರದೆ ಹೋಗುತ್ತದೆ. ಇದು ವ್ಯಕ್ತಿಯ ದೋಷವೆನ್ನುವುದಕ್ಕಿಂತ ವ್ಯವಸ್ಥೆಯ ದೋಷವೆನ್ನುವುದು ನ್ಯಾಯ.

ಭಾಷೆಯ ವಿಷಯದಲ್ಲಿಯೂ ಒಂದು ಮಾತು ಹೇಳಬೇಕಾಗಿದೆ. 'ಇಂದು ತಾಲ್ಲೂಕಿನ ಗ್ರಾಮವೊಂದರಲ್ಲಿ ಗಣ್ಯರ ಸಮ್ಮುಖದಲ್ಲಿ ಕಾರ್ಯಕ್ರಮ ಜರುಗಿತು' ಎಂಬಂತಹ ವಾಕ್ಯವನ್ನು ಹತ್ತು ವರ್ಷಗಳ ಮೇಲೆ ಕೇಳಿದವನಿಗೆ ಏನು ತಿಳಿದೀತು? 'ಇಂದು' ಎಂದರೆ ಎಂದು? ಗ್ರಾಮ ಯಾವುದು? ಗಣ್ಯರು ಯಾರು? ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ದೇವಾಲಯದ ಶಾಸನಗಳನ್ನು ಇದರೊಡನೆ ಹೋಲಿಸಿ ನೋಡಬಹುದು. ಶಾಸನವೂ ದಾನಿಯ ಕೀರ್ತಿಗಾಗಿಯೇ ಹುಟ್ಟಿದುದು. ಅದರಲ್ಲಿ ಪ್ರಶಸ್ತಿಗೆ ಕೊರತೆಯಿಲ್ಲ. ಆದರೂ ಸಾಮಾನ್ಯವಾಗಿ ದಾನಶಾಸನವು ವರ್ಷ, ತಿಥಿ, ವಾರಗಳನ್ನು ಹೇಳುತ್ತದೆ. ಕೊಟ್ಟವನನ್ನೂ ಪಡೆದವನನ್ನೂ ಹೆಸರಿಸುತ್ತದೆ. ಭೂಮಿಯ ಅಳತೆಯನ್ನೂ ಎಲ್ಲೆಯನ್ನೂ ಗುರುತಿಸುತ್ತದೆ. ಹೊಗಳಿಕೆಯನ್ನು ಬದಿಗಿಟ್ಟರೂ ಅದರಲ್ಲಿ ಚರಿತ್ರೆ ಉಳಿಯುತ್ತದೆ. ನಮ್ಮ ವಾರ್ತೆಯಿಂದ ಹೊಗಳಿಕೆಯನ್ನು ತೆಗೆದರೆ ಅನೇಕ ವೇಳೆ ಏನೂ ಉಳಿಯುವುದಿಲ್ಲ.

ಇನ್ನು ರಕ್ಷಣೆಯ ಪ್ರಶ್ನೆ. ಕೇಬಲ್ ಜಾಲಗಳ ನಿಯಂತ್ರಣಕ್ಕೆ 1995ರ ಕಾಯಿದೆಯಿದೆ. ಬಹುವ್ಯವಸ್ಥಾ ಕೇಬಲ್ ಸಂಸ್ಥೆಗಳು ತಾವೇ ನಡೆಸುವ ಸ್ಥಳೀಯ ವಾಹಿನಿಗಳ ಬಗ್ಗೆ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯವು 2022ರ ನವೆಂಬರಿನಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿತು. ಅವುಗಳ ಪ್ರಕಾರ ಸ್ಥಳೀಯ ವಾರ್ತೆ ನೀಡುವ ಸಂಸ್ಥೆ ಕಂಪನಿಯಾಗಿ ನೋಂದಾಯಿತವಾಗಿರಬೇಕು. ಪ್ರಸಾರದ ಮುದ್ರಿಕೆಯನ್ನು 90 ದಿನ ಕಾಯ್ದಿಡಬೇಕು. ಹೊಣೆಗಾರಿಕೆಯ ದೃಷ್ಟಿಯಿಂದ ಇವು ಉಚಿತವೇ. ಆದರೆ ಮೊದಲನೆಯ ನಿಯಮವು ಚಿಕ್ಕ ಪಟ್ಟಣದ ಬಡ ಉದ್ಯಮಿಗೆ ಹೊರೆಯಾಗದಿರದು. ಎರಡನೆಯದು ದೂರು ಬಂದಾಗ ವಿಚಾರಿಸುವುದಕ್ಕೆ ಸಾಕು; ಚರಿತ್ರೆಗೆ ಸಾಲದು. 90 ದಿನಗಳೆಂದರೆ ಒಂದು ಹಂಗಾಮಿನ ಬಿತ್ತನೆಯಿಂದ ಕೊಯ್ಲಿನವರೆಗೂ ಅನೇಕ ಬೆಳೆಗಳಿಗೆ ಸಾಲದ ಅವಧಿ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಗೆ 2024ರಲ್ಲಿ ರಾಮ್ಸಾರ್ ಮನ್ನಣೆ ದೊರೆಯಿತು. ಅದಕ್ಕೆ ಮುಂಚಿನ ಹತ್ತು ವರ್ಷಗಳಲ್ಲಿ ಆ ಕೆರೆ ಹೇಗಿತ್ತು, ದಡದ ರೈತರು ಏನೆಂದರು ಎಂಬುದನ್ನು ಪ್ರತಿವರ್ಷದ ವಾರ್ತಾಚಿತ್ರಗಳು ಹೇಳಬಲ್ಲವು; ಉಳಿದಿದ್ದರೆ ಮಾತ್ರ.

ದಿನದ ವಾರ್ತೆ ದಿನಕ್ಕಾಗಿಯೇ ಹುಟ್ಟಿದುದು, ಅದರ ಮೇಲೆ ಭವಿಷ್ಯದ ಚರಿತ್ರಕಾರನ ಭಾರವನ್ನೇಕೆ ಹೊರಿಸಬೇಕೆಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ಚರಿತ್ರಕಾರನಿಗೆ ಬೇಕಾದುದೂ ಇಂದಿನ ವೀಕ್ಷಕನಿಗೆ ಬೇಕಾದುದೂ ಬೇರೆ ಬೇರೆಯಲ್ಲ. ಊರಿನ ಹೆಸರು, ದಿನಾಂಕ, ಪ್ರಮಾಣ, ಕಾರಣ, ಹಿಂದಿನ ವಾರ ತೋರಿಸಿದ ಸಂಗತಿಯ ಮುಂದಿನ ಗತಿ, ಇವನ್ನು ತಿಳಿಯುವ ಹಕ್ಕು ಮೊದಲು ಕೂಡ್ಲಿಗಿಯ ಶೇಂಗಾ ಬೆಳೆಗಾರನದು, ಹಡಗಲಿಯ ಮಲ್ಲಿಗೆ ಕಟ್ಟುವವಳದು. ಈ ಐದು ಅಂಶಗಳಿಗೆ ಹೆಚ್ಚಿನ ಯಂತ್ರವಾಗಲಿ ಹಣವಾಗಲಿ ಬೇಕಿಲ್ಲ. ವಾರ್ತೆ ಬರೆಯುವವನ ಶಿಸ್ತು ಬೇಕು.

ಕಾಯ್ದಿಡುವ ಕೆಲಸ ಮಾತ್ರ ಅವನೊಬ್ಬನದಲ್ಲ. 90 ದಿನಗಳ ಗಡುವು ಮುಗಿಯುವ ಮೊದಲು ವಾಹಿನಿಯವರ ಒಪ್ಪಿಗೆಯಿಂದ ಪ್ರತಿಯನ್ನು ಪಡೆದು, ದಿನಾಂಕ ಹಾಗೂ ಗ್ರಾಮಗಳ ಸೂಚಿಯನ್ನು ತಯಾರಿಸುವುದು ನಮ್ಮ ತಾಲ್ಲೂಕು ಕಾಲೇಜುಗಳ ಇತಿಹಾಸ ವಿಭಾಗಗಳಿಗೆ ಅಸಾಧ್ಯವೇನೂ ಅಲ್ಲ. ಶಾಸನದ ಅಚ್ಚು ತೆಗೆಯಲು ಕಲಿಸುವ ಅಧ್ಯಾಪಕರು ಇದನ್ನೂ ಕಲಿಸಬಹುದು. ಕಲ್ಲಿಗಾದರೋ ಸಾವಿರ ವರ್ಷ ಕಾಯುವ ಶಕ್ತಿಯಿದೆ. ಈ ಆಕರಕ್ಕೆ ಇರುವುದು ಮೂರು ತಿಂಗಳು.