ಪಾರ್ಕಿನ ಬೆಂಚು, ಸ್ಮಶಾನದ ಕಲ್ಲು

ಒಂದು ತಿಂಗಳಿಂದ ನಾನು ಬೆಂಗಳೂರಿನ ಶ್ರೀರಾಮಪುರ, ಮಲ್ಲೇಶ್ವರಂ ಸುತ್ತಿನ ಪಾರ್ಕುಗಳಿಗೆ ಹೋಗಿ ಸುಮ್ಮನೆ ಕೂತು ಬರುತ್ತಿದ್ದೇನೆ. 'ದಲಿತ ವಿಮರ್ಶೆ ಬರಿ ಅಂದ್ರೆ ಪಾರ್ಕು ಸುತ್ತುತಾ ಇದೀಯಲ್ಲಯ್ಯ' ಅಂತ ಗೆಳೆಯರು ನಕ್ಕರು. ನಗಲಿ. ನನ್ನ ಪ್ರಶ್ನೆ ಸಾಹಿತ್ಯದ್ದೇ. ಸಿದ್ಧಲಿಂಗಯ್ಯನವರ 'ಊರುಕೇರಿ'ಯನ್ನು ಮತ್ತೆ ಓದುವಾಗ ಹುಟ್ಟಿದ್ದು.

ಆ ಆತ್ಮಕತೆಯಲ್ಲಿ ಶ್ರೀರಾಮಪುರದ ಹುಡುಗನೊಬ್ಬ ಸ್ಮಶಾನಕ್ಕೆ ಹೋಗಿ ಕೂರುತ್ತಾನೆ. ಓದುವುದಕ್ಕೂ ಅದೇ ಜಾಗ, ಯೋಚಿಸುವುದಕ್ಕೂ ಅದೇ ಜಾಗ. ಈ ಪುಟಗಳನ್ನು ಓದಿ ನಾವೆಲ್ಲ ನಕ್ಕಿದ್ದೇವೆ. ಕವಿಯ ಸ್ಮಶಾನಪ್ರೀತಿಯನ್ನು ಅವರ ಮುಂದೆಯೇ ಹೇಳಿಕೊಂಡು ನಕ್ಕವರೂ ಇದ್ದಾರೆ. ಡಿ.ಆರ್. ನಾಗರಾಜ್ ಒಬ್ಬರು ಈ ಕೃತಿಯ ನಗುವನ್ನು ಬಡವರ ಶಕ್ತಿಯೆಂದು ಗುರುತಿಸಿದರು. ಅದು ದೊಡ್ಡ ಮಾತು. ಆದರೆ ನಗುವಿನ ಬಗ್ಗೆ ಮಾತಾಡಿದ ನಾವು, ಹುಡುಗ ಕೂತ ಜಾಗದ ಬಗ್ಗೆ ಮಾತಾಡಲಿಲ್ಲ. ಒಂದೇ ಕೋಣೆಯ ಮನೆಯ ಹುಡುಗನಿಗೆ ಒಂಟಿಯಾಗಿ ಕೂರಲು ಈ ನಗರದಲ್ಲಿ ಎಲ್ಲಿ ಜಾಗವಿತ್ತು?

ನಗರದಲ್ಲಿ ಹಸಿರಿಗೇನೂ ಬರವಿರಲಿಲ್ಲ. ಲಾಲ್‌ಬಾಗನ್ನು 1760ರಲ್ಲಿ ಹೈದರಾಲಿ ಶುರುಮಾಡಿದ. 1870ರಲ್ಲಿ ರಿಚರ್ಡ್ ಸ್ಯಾಂಕಿ ಎಂಬ ಎಂಜಿನಿಯರು ಕಬ್ಬನ್ ಪಾರ್ಕಿನ ನಕ್ಷೆ ಹಾಕಿದ. ಮಲ್ಲೇಶ್ವರಂ ಪಕ್ಕದ ಸ್ಯಾಂಕಿ ಕೆರೆಯೂ ಅವನದೇ, 1882ರದ್ದು. ಮಲ್ಲೇಶ್ವರಂ ಬಡಾವಣೆ 1898ರ ಪ್ಲೇಗಿನ ನಂತರ, ಗಾಳಿ ಬೆಳಕು ಬೇಕೆಂದೇ ಎದ್ದದ್ದು. ರೈಲುಹಳಿಯ ಈಚೆ ಶ್ರೀರಾಮಪುರ. ಗಿರಣಿ ಕೂಲಿಗಳ, ಒತ್ತೊತ್ತು ಮನೆಗಳ ಜಾಗ. ಹಳಿ ದಾಟಲು ಎರಡು ನಿಮಿಷ ಸಾಕು. ಆದರೆ ದಾಟಿದ ಮೇಲೆ ಬೆಂಚಿನ ಮೇಲೆ ಕೂರುವುದಕ್ಕೆ ಬೇರೆಯದೇ ಧೈರ್ಯ ಬೇಕು.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ನಮ್ಮವ್ವ ಹಳಿಯಾಚೆಯ ಬಡಾವಣೆಯೊಂದರ ರಸ್ತೆ ಗುಡಿಸುತ್ತಿದ್ದಳು. ಕತ್ತಲಿದ್ದಾಗಲೇ ಹೊರಟರೆ ಮಧ್ಯಾಹ್ನದ ಹೊತ್ತಿಗೆ ಕೈ ಬಿಡುವು. ಆ ಹೊತ್ತಿಗೆ ಪಾರ್ಕಿಗೆ ಬೀಗ. ಬೆಳಗ್ಗೆ ವಾಕಿಂಗಿನವರಿಗೆ, ಸಂಜೆ ಮಕ್ಕಳಿಗೆ ತೆರೆದಿರುವ ಗೇಟು ಬಿಸಿಲಿಳಿಯುವ ತನಕ ಮುಚ್ಚಿರುತ್ತಿತ್ತು. ಪಾರ್ಕಿನ ಮರದ ನೆರಳು ಕಾಂಪೌಂಡಿನ ಹೊರಕ್ಕೂ ಒಂದಿಷ್ಟು ಬೀಳುತ್ತಿತ್ತಲ್ಲ, ಅದರಡಿ ಫುಟ್‌ಪಾತಿನಲ್ಲಿ ಕೂತು ಅವ್ವ ಬುತ್ತಿ ಬಿಚ್ಚುತ್ತಿದ್ದಳು. ರಜೆಯಲ್ಲಿ ನಾನೂ ಜೊತೆಗಿರುತ್ತಿದ್ದೆ. ಗೇಟು ಕಾಯುವವನು ನಮ್ಮ ಕೇರಿಯವನೇ. 'ತೆಗೀತಿದ್ದೆ ಕಣಕ್ಕ, ಯಾರಾರ ನೋಡಿದ್ರೆ ನನ್ ಕೆಲ್ಸ ಹೋಯ್ತದೆ' ಅನ್ನುತ್ತಿದ್ದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಬೀಗ ಹಾಕಿದ ಕೈ ಅವನದು, ಹೊತ್ತು ಗೊತ್ತುಮಾಡಿದ ತಲೆ ಬೇರೆ ಯಾರದ್ದೋ.

ಅಲ್ಲಿ ಯಾವ ಬೋರ್ಡೂ ನಿಮ್ಮ ಜಾತಿಯವರು ಬರಬೇಡಿ ಅಂತ ಹೇಳುತ್ತಿರಲಿಲ್ಲ. ಗಡಿಯಾರವೇ ಆ ಕೆಲಸ ಮಾಡುತ್ತಿತ್ತು. 1927ರಲ್ಲಿ ಮಹಾಡದ ಚವದಾರ್ ಕೆರೆಗೆ ಅಂಬೇಡ್ಕರ್ ಇಳಿದಾಗ ಎದುರಿಗಿದ್ದದ್ದು ಕಣ್ಣಿಗೆ ಕಾಣುವ ಜಾತಿ. ಮುಂದೆ ಸಂವಿಧಾನದ 15ನೇ ವಿಧಿ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳ ಜೊತೆಗೆ ಜನ ಸೇರುವ ಸಾರ್ವಜನಿಕ ಜಾಗಗಳನ್ನೂ ಹೆಸರಿಸಿತು. ಪಾರ್ಕೂ ಅದರೊಳಗೇ ಬರುತ್ತದೆ. ನಮ್ಮ ಚಳವಳಿ ಬಾವಿಗೆ, ಹೋಟೆಲಿಗೆ, ಗುಡಿಗೆ ಜಗಳ ಮಾಡಿತು, ಸರಿಯಾಗಿಯೇ ಮಾಡಿತು. ಸುಮ್ಮನೆ ಕೂರುವ ಹಕ್ಕಿಗೆ ಜಗಳ ಮಾಡಲು ನಮಗೆ ಪುರುಸೊತ್ತಿರಲಿಲ್ಲ. 2024ರಲ್ಲಿ ಬೆಂಗಳೂರಿನ ಪಾಲಿಕೆ ತನ್ನ ಪಾರ್ಕುಗಳನ್ನು ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಲು ಹೇಳಿತು. ಒಳ್ಳೆಯದಾಯಿತು. ಅವ್ವನಿಗೆ ಅದು ತಡವಾಯಿತು.

ಇಷ್ಟು ಹೇಳಿ, ಸಿದ್ಧಲಿಂಗಯ್ಯನವರಿಗೆ ಪಾರ್ಕು ಸಿಗಲಿಲ್ಲ, ಅದಕ್ಕೇ ಸ್ಮಶಾನಕ್ಕೆ ಹೋದರು ಅಂತ ತೀರ್ಪು ಕೊಟ್ಟುಬಿಡಬಹುದು. ನಾನು ಹಾಗೆ ಹೇಳಲಾರೆ. ಹಾಗೆಂದರೆ ದಲಿತನ ಎಲ್ಲ ಆಯ್ಕೆಯನ್ನೂ ಕೊರತೆಯ ಲೆಕ್ಕಕ್ಕೆ ಬರೆದಂತೆ. ನಮ್ಮ ವಿಮರ್ಶೆ ಈ ತಪ್ಪನ್ನು ಬಹಳ ಸಲ ಮಾಡಿದೆ. ಪಠ್ಯದಲ್ಲಿ ಆ ಹುಡುಗ ಸ್ಮಶಾನದಲ್ಲಿ ಖುಷಿಯಾಗಿದ್ದಾನೆ. ಅಲ್ಲಿ 'ಏಯ್, ಯಾರೋ ನೀನು' ಅಂತ ಕೇಳುವವರಿಲ್ಲ. ಮೈಲಿಗೆಗೆ ಹೆದರಿ ಮೇಲಿನವರು ಬಿಟ್ಟುಹೋದ ಜಾಗ ಅವನಿಗೆ ಸ್ವಾತಂತ್ರ್ಯದ ಜಾಗವಾಗಿದೆ. ಕೊರತೆ, ಖುಷಿ ಎರಡೂ ಒಂದೇ ಕಲ್ಲಿನ ಮೇಲೆ ಕೂತಿವೆ. ಒಂದನ್ನು ಎಬ್ಬಿಸಿ ಇನ್ನೊಂದನ್ನು ಕೂರಿಸುವ ಓದು ನಮಗೆ ಬೇಡ.

ಕನ್ನಡ ವಿಮರ್ಶೆ ಪ್ರಕೃತಿಯನ್ನು ನೋಡಲು ಕಲಿತದ್ದು ಮಲೆನಾಡಿನ ಕಾಡಿನಿಂದ, ಹಕ್ಕಿಯಿಂದ, ಸೂರ್ಯೋದಯದಿಂದ. ಅದೇ ಅಳತೆ ಹಿಡಿದು ದಲಿತ ಕಾವ್ಯಕ್ಕೆ ಬಂದವರು ಇಲ್ಲಿ ಪ್ರಕೃತಿಯೇ ಇಲ್ಲ, ಬರೀ ಆಕ್ರೋಶ ಅಂದರು. ನಾವೂ ಹಟಕ್ಕೆ ಬಿದ್ದು, ಹೌದು, ಹಸಿದವನಿಗೆ ಹೂವು ಯಾಕೆ ಅಂದೆವು. ಎರಡೂ ಮಾತು ಅವ್ವನ ಮುಂದೆ ಸುಳ್ಳಾಗುತ್ತವೆ. ಬೇಸಿಗೆಯಲ್ಲಿ ಹೊಂಗೆ ಹೂವು ಉದುರಿ ರಸ್ತೆಯೆಲ್ಲ ಹಾಸಿದಂತಾಗುತ್ತಿತ್ತು. ವಾಕಿಂಗಿನವರು ನಿಂತು ನೋಡಿ ಹೋಗುತ್ತಿದ್ದರು. ಚೆನ್ನಾಗಿದೆಯಾ ಅವ್ವ ಅಂತ ಒಮ್ಮೆ ಕೇಳಿದೆ. 'ಚೆಂದಾಗದೆ ಕಣ್ ಮಗ. ಒಂದ್ ಹನಿ ಬಿದ್ರೆ ನೆಲಕ್ಕೆ ಅಂಟ್ಕತದೆ, ಪೊರಕೆಗೆ ಬರಾಕಿಲ್ಲ' ಅಂದಳು.

ಚೆಂದವನ್ನೂ ಭಾರವನ್ನೂ ಒಂದೇ ಉಸಿರಿನಲ್ಲಿ ಹೇಳಿದ ಈ ಮಾತೇ ನನಗೆ ದಲಿತ ಸೌಂದರ್ಯಪ್ರಜ್ಞೆಯ ಮೊದಲ ಪಾಠ. ಹೂವು ನೋಡಿದವರ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ವಿಮರ್ಶೆಯಿದೆ. ಹೂವನ್ನು ನೋಡಿ, ಆಮೇಲೆ ಗುಡಿಸಿದವರ ಕಣ್ಣಿನಿಂದ ಪಠ್ಯವನ್ನು ಓದುವ ಕೆಲಸ ಬಾಕಿಯಿದೆ. ವಿದ್ಯಾರ್ಥಿ ಗೆಳೆಯರಲ್ಲಿ ಒಂದು ಕೇಳಿಕೆ. ಇನ್ನು ಮುಂದೆ ಯಾವುದೇ ಕವಿತೆಯಲ್ಲಿ ಮರ ಬಂದರೆ ಅದರ ನೆರಳು ಯಾರ ಮೇಲೆ ಬಿದ್ದಿದೆ, ಎಷ್ಟು ಹೊತ್ತಿನಲ್ಲಿ ಬಿದ್ದಿದೆ ಅಂತ ಕೇಳಿ.

ನಿನ್ನೆ ಮಧ್ಯಾಹ್ನ ಎರಡು ಗಂಟೆಗೆ ಅದೇ ಪಾರ್ಕಿಗೆ ಹೋಗಿದ್ದೆ. ಗೇಟು ತೆರೆದಿತ್ತು. ಇಬ್ಬರು ಪೌರಕಾರ್ಮಿಕ ಹೆಂಗಸರು ಒಳಗೆ ಬಂದು ಹುಲ್ಲಿನ ಮೇಲೆ ಕೂತು ಊಟ ಮಾಡುತ್ತಿದ್ದರು. ಬೆಂಚು ಖಾಲಿಯಿತ್ತು. 'ಬೆಂಚಿನ ಮ್ಯಾಲೆ ಕೂತ್ಕಳ್ರಕ್ಕ' ಅಂದೆ. 'ಇಲ್ಲೇ ಸರೋಯ್ತು ಬುಡಪ್ಪ' ಅಂದರು.